ಯೀಸ್ಟಿನ ಇನ್ಸುಲಿನ್ ಅಗ್ಗವಾಗಬೇಕಾದರೆ: ಬಾಟಲಿಯಿಂದ ಹಿಂದಕ್ಕೆ ಲೆಕ್ಕ ಹಾಕುವ ಮಾರ್ಗದರ್ಶಿ

ಜುಲೈ ಬಂತೆಂದರೆ ಪ್ರಾಜೆಕ್ಟ್ ಹುಡುಕುವ ಮಕ್ಕಳು ಲ್ಯಾಬಿನ ಬಾಗಿಲಲ್ಲಿ ನಿಲ್ಲುತ್ತಾರೆ. ಹೊರಗೆ ಮಳೆ, ವರಾಂಡದಲ್ಲಿ ಒದ್ದೆ ಕೊಡೆಗಳ ಸಾಲು. ಮಣಿಪಾಲ, ನಿಟ್ಟೆ, ಸುರತ್ಕಲ್, ಕೊಣಾಜೆ ಕಡೆಯಿಂದ ಒಂದಲ್ಲ ಒಂದು ತಂಡ ಇದೇ ವಿಷಯ ಹಿಡಿದು ಬರುತ್ತದೆ. "ಮೇಡಂ, ಯೀಸ್ಟಿನಲ್ಲಿ ಇನ್ಸುಲಿನ್ ಮಾಡ್ತೇವೆ. ಖರ್ಚು ಕಡಿಮೆ ಮಾಡ್ಬೇಕು." ನಾನು ಕೇಳುವುದು ಒಂದೇ ಪ್ರಶ್ನೆ: ಯಾವ ಖರ್ಚು? ಹೆಚ್ಚಿನವರು ಯೀಸ್ಟಿನೊಳಗೆ ಸೇರಿಸುವ ಇನ್ಸುಲಿನ್ ಜೀನ್ ಕಡೆ ಬೆರಳು ತೋರಿಸುತ್ತಾರೆ. ಜೀನಿನ ಪ್ರತಿಗಳನ್ನು ಹೆಚ್ಚಿಸುತ್ತೇವೆ, ಅದನ್ನು ಚಾಲೂ ಮಾಡುವ ಪ್ರಮೋಟರ್ ಬದಲಾಯಿಸುತ್ತೇವೆ ಎನ್ನುತ್ತಾರೆ.

ಮಾಡಲಿ. ಆದರೆ ದುಡ್ಡು ಸೋರುವ ತೂತು ಹೆಚ್ಚಾಗಿ ಅಲ್ಲಿಲ್ಲ. ಯೀಸ್ಟ್ ತನ್ನ ಪಾಲಿನ ಕೆಲಸ ಮುಗಿಸಿದ ಮೇಲೆ ನಾವು ಮಾಡುವ ಸೋಸು, ತೊಳೆ, ಕತ್ತರಿಸು, ಮತ್ತೆ ಸೋಸು ಎಂಬ ಕೆಲಸಗಳಲ್ಲಿದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಪ್ರತಿ ಹೆಜ್ಜೆಗೂ ಒಂದೇ ಪರೀಕ್ಷೆ: ಇಲ್ಲಿ ಉಳಿಸಿದ್ದು ಮುಂದಿನ ಹೆಜ್ಜೆಯಲ್ಲಿ ಖರ್ಚಾಗಿ ಹೋಗುತ್ತದೆಯೇ?

ಶುರುವಿಗೇ ಎರಡು ಮಾತು. ಕಾಲೇಜು ಲ್ಯಾಬಿನಲ್ಲಿ ಬಂದ ಪುಡಿ ಪರೀಕ್ಷೆಗೆ ಮಾತ್ರ. ಅದನ್ನು ಯಾರೂ, ಎಂಥ ಸಂದರ್ಭದಲ್ಲೂ, ಚುಚ್ಚಿಕೊಳ್ಳುವಂತಿಲ್ಲ. ಇನ್ನೊಂದು, ಜೀನ್ ಬದಲಿಸಿದ ಯೀಸ್ಟನ್ನು ಬೆಳೆಸಲು 1989ರ ನಿಯಮಗಳ ಪ್ರಕಾರ ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು. ಅರ್ಜಿಯನ್ನು ಮೊದಲ ವಾರವೇ ಹಾಕಿಬಿಡಿ. ಸಮಿತಿ ಸೇರುವ ಹೊತ್ತಿಗೆ ಸೆಮಿಸ್ಟರ್ ಅರ್ಧ ಮುಗಿದಿರುತ್ತದೆ.

ಹೆಜ್ಜೆ 1: ಬಾಟಲಿಯಿಂದ ಲೆಕ್ಕ ಶುರು ಮಾಡಿ

ಮೆಡಿಕಲ್‌ನಲ್ಲಿ ಸಿಗುವ ಮಾಮೂಲಿ ಬಾಟಲಿ 10 ಮಿಲಿ. ಮಿಲಿಗೆ 40 ಯೂನಿಟ್, ಒಟ್ಟು 400 ಯೂನಿಟ್. ಒಂದು ಮಿಲಿಗ್ರಾಂ ಮಾನವ ಇನ್ಸುಲಿನ್ ಎಂದರೆ ಸುಮಾರು 28.8 ಯೂನಿಟ್. ಅಂದರೆ ಬಾಟಲಿಯೊಳಗಿರುವುದು 14 ಮಿಲಿಗ್ರಾಂ ಅಷ್ಟೇ. ದಿನಕ್ಕೆ 40 ಯೂನಿಟ್ ಬೇಕಾದವರಿಗೆ ವರ್ಷಕ್ಕೆ ಅರ್ಧ ಗ್ರಾಂ ಸಾಕು. ಅಷ್ಟು ಕಡಿಮೆಯಾ ಎಂದು ಮಕ್ಕಳು ಕಣ್ಣರಳಿಸುತ್ತಾರೆ. ಅಷ್ಟೇ. ಮಾನವ ಇನ್ಸುಲಿನ್‌ಗೆ ಒಬ್ಬರಿಗೆ ವರ್ಷಕ್ಕೆ 72 ಡಾಲರ್‌ಗಿಂತ ಹೆಚ್ಚು ಆಗಬೇಕಿಲ್ಲ ಎಂದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜಿಸಿದ್ದಕ್ಕೆ ಇದೂ ಒಂದು ಕಾರಣ.

ಈಗ ಹಿಂದಕ್ಕೆ ಬನ್ನಿ. ಯೀಸ್ಟ್ ಬೆಳೆಸುವ ತೊಟ್ಟಿಯಾದ ಫರ್ಮೆಂಟರ್‌ನಿಂದ ಹರಳಿನವರೆಗೆ ಎಂಟು ಹಂತ ಇವೆ ಎಂದುಕೊಳ್ಳಿ. ಪ್ರತಿ ಹಂತದಲ್ಲೂ 90 ಶೇಕಡ ಉಳಿದರೆ ಚೆನ್ನಾಗಿದೆ ಅನಿಸುತ್ತದೆ, ಅಲ್ವಾ? 0.9 ಅನ್ನು ಎಂಟು ಸಲ ಗುಣಿಸಿ ನೋಡಿ. ಕೈಗೆ ಬರುವುದು 43 ಶೇಕಡ. ಅದೇ 95 ಉಳಿದರೆ 66. ಹಂತಕ್ಕೆ ಬರೀ 5 ಶೇಕಡ ಸುಧಾರಿಸಿದರೆ ಕೊನೆಯ ಇಳುವರಿ ಒಂದೂವರೆ ಪಟ್ಟಾಗುತ್ತದೆ. ಯೀಸ್ಟಿನಿಂದ ಒಂದೂವರೆ ಪಟ್ಟು ಹೆಚ್ಚು ಹಿಂಡಲು ಎರಡು ವರ್ಷ ಬೇಕಾಗಬಹುದು. ಇದನ್ನು ಒಂದು ಸೆಮಿಸ್ಟರ್‌ನಲ್ಲಿ ಮಾಡಬಹುದು.

ಲೆಕ್ಕದಲ್ಲಿ ಎಲ್ಲರೂ ಎಡವುವ ಇನ್ನೊಂದು ಕಲ್ಲು ಇದೆ. ಇಳುವರಿ ಲೀಟರಿಗೆ 1.5 ಗ್ರಾಂ ಎಂದು ಪ್ರಬಂಧಗಳಲ್ಲಿ ಓದುತ್ತೀರಿ. ಅದು ಬಹಳ ಸಲ ತಿಳಿಯ ಲೆಕ್ಕ. ಕೋಶಗಳು ಕೆಳಗೆ ಕೂತ ಮೇಲೆ ಮೇಲೆ ನಿಲ್ಲುತ್ತದಲ್ಲ, ಆ ತಿಳಿ. ಪಿಚಿಯಾ ಯೀಸ್ಟ್ ಗಂಜಿಯ ಹಾಗೆ ದಟ್ಟವಾಗಿ ಬೆಳೆಯುತ್ತದೆ. ಲೀಟರಿಗೆ 400 ಗ್ರಾಂ ಒದ್ದೆ ಕೋಶ ಇದ್ದರೆ 5 ಲೀಟರ್ ಬ್ರಾತ್‌ನಲ್ಲಿ (ಕೋಶ ಸಮೇತ ದ್ರವ) ತಿಳಿ ಸುಮಾರು 3 ಲೀಟರ್. ಅದರಲ್ಲಿ 4.5 ಗ್ರಾಂ. ಕೊನೆಗೆ 43 ಶೇಕಡ ಉಳಿದರೆ ನಾಲ್ಕು ಜನರ ವರ್ಷದ ಇನ್ಸುಲಿನ್‌ಗೂ ಸ್ವಲ್ಪ ಕಡಿಮೆ. 66 ಉಳಿದರೆ ಆರು ಜನರಿಗೆ ಹತ್ತಿರ. ಬ್ರಾತ್ ಮಾತ್ರ ಅದೇ.

ಹೆಜ್ಜೆ 2: ಯೀಸ್ಟ್ ಮತ್ತು ಜೀನ್ ಆರಿಸಿ

ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಇನ್ಸುಲಿನ್ ಗಂಟುಗಟ್ಟಿ ಒಳಗೇ ಕೂರುತ್ತದೆ. ಅದನ್ನು ಒಡೆದು, ಕರಗಿಸಿ, ತೆಳ್ಳಗಿನ ದ್ರಾವಣದಲ್ಲಿ ಮತ್ತೆ ಸರಿಯಾಗಿ ಮಡಚಬೇಕು. ಯೀಸ್ಟ್ ಆ ಮಡಚುವ ಕೆಲಸವನ್ನು ತಾನೇ ಮಾಡಿ ಹೊರಗೆ ಬಿಡುತ್ತದೆ. ಇನ್ಸುಲಿನ್‌ನಲ್ಲಿ ಎರಡು ಸರಪಳಿ: 21 ಅಮೈನೊ ಆಮ್ಲಗಳ ಎ, 30ರ ಬಿ. ನಡುವೆ ಗಂಧಕದ ಎರಡು ಕೊಂಡಿ, ಎ ಒಳಗೇ ಇನ್ನೊಂದು. ಈ ಮೂರು ಕೊಂಡಿ ಸರಿಯಾಗಿ ಬೀಳುವುದೇ ಯೀಸ್ಟಿನಿಂದ ಸಿಗುವ ದೊಡ್ಡ ಲಾಭ.

ಡೆನ್ಮಾರ್ಕಿನ ನೊವೊ 1987ರಲ್ಲಿ ಬ್ರೆಡ್ಡಿನ ಯೀಸ್ಟ್ ಬಳಸಿ ಈ ದಾರಿ ಹಿಡಿಯಿತು. ನಮ್ಮ ದೇಶದ ವೊಕಾರ್ಡ್ ಹ್ಯಾನ್ಸೆನುಲಾ ಎಂಬ ಯೀಸ್ಟ್ ಬಳಸಿತು. ಬೆಂಗಳೂರಿನ ಬಯೋಕಾನ್ ಪಿಚಿಯಾದಿಂದ ಮಾಡಿದ ಇನ್ಸುಲಿನ್ನನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು. ನಿಮ್ಮ ಪ್ರಾಜೆಕ್ಟಿಗೆ ಪಿಚಿಯಾ ಸಾಕು. ದಟ್ಟವಾಗಿ ಬೆಳೆಯುತ್ತದೆ, ಬರೀ ಉಪ್ಪು ಮತ್ತು ಗ್ಲಿಸರಾಲ್ ಕೊಟ್ಟರೂ ಬದುಕುತ್ತದೆ, ತನ್ನದೇ ಪ್ರೋಟೀನ್ ಹೊರಗೆ ಬಿಡುವುದು ಕಡಿಮೆ. ಕೊನೆಯ ಗುಣವೇ ನನಗೆ ಮುಖ್ಯ. ಕಸ ಕಡಿಮೆ ಇದ್ದರೆ ಗುಡಿಸುವ ಕೆಲಸವೂ ಕಡಿಮೆ.

ಜೀನ್ ಬರೆಯುವಾಗ ಇಡೀ ಪ್ರೊಇನ್ಸುಲಿನ್ ಹಾಕಬೇಡಿ. ಅದರಲ್ಲಿ ಎರಡು ಕಡೆ ಜೋಡಿ ಕ್ಷಾರೀಯ ಅಮೈನೊ ಆಮ್ಲಗಳಿವೆ. ಯೀಸ್ಟಿನ ಕೆಕ್ಸ್2 ಎಂಬ ಕಿಣ್ವ ಅಲ್ಲೇ ಕತ್ತರಿ ಹಾಕುತ್ತದೆ. ಬಿ ಸರಪಳಿಯ ಮೊದಲ 29, ಆಮೇಲೆ ಅಲನಿನ್-ಅಲನಿನ್-ಲೈಸಿನ್ ಎಂಬ ಪುಟ್ಟ ಸೇತುವೆ, ಆಮೇಲೆ ಎ ಸರಪಳಿ: ಇಷ್ಟೇ ಸಾಕು. ಇದಕ್ಕೆ ಪ್ರಿಕರ್ಸರ್ ಎನ್ನುತ್ತೇವೆ. ಇದರ ಮುಂಭಾಗಕ್ಕೆ ಆಲ್ಫಾ ಫ್ಯಾಕ್ಟರ್ ಲೀಡರ್ ಎಂಬ ತುಣುಕು ಬೇಕು. ಅದೇ ಪ್ರೋಟೀನಿಗೆ ಹೊರಹೋಗುವ ದಾರಿ ತೋರಿಸುವುದು.

ಲೀಡರ್ ಮತ್ತು ಬಿ ಸರಪಳಿಯ ನಡುವೆ ಗ್ಲುಟಾಮಿಕ್ ಆಮ್ಲ, ಅಲನಿನ್‌ಗಳ ಒಂದು ಸಣ್ಣ ಬಾಲ ಸೇರಿಸಿ, ಕೊನೆಗೆ ಲೈಸಿನ್ ಇಡಿ. ಲೀಡರನ್ನು ಕತ್ತರಿಸಿ ಕಳಚಲು ಕೆಕ್ಸ್2ಗೆ ಜಾಗ ಸಿಗುತ್ತದೆ, ಇಳುವರಿ ಏರುತ್ತದೆ. ಈ ಬಾಲವನ್ನು ತೆಗೆಯಲು ಬೇರೆ ಹಂತ ಬೇಡ. ಮುಂದೆ ಹೇಗೂ ಟ್ರಿಪ್ಸಿನ್ ಎಂಬ ಕಿಣ್ವ ಹಾಕುತ್ತೇವೆ, ಅದು ಲೈಸಿನ್ ಕಂಡಲ್ಲಿ ಕತ್ತರಿಸುತ್ತದೆ. ಸೇತುವೆ, ಬಾಲ ಎರಡೂ ಒಂದೇ ಏಟಿಗೆ ಹೋಗುತ್ತವೆ. ಹೊಸ ಹಂತ ಸೇರಿಸದೆ ಇಳುವರಿ ಏರಿಸುವ ಇಂಥ ಉಪಾಯಗಳನ್ನೇ ಹುಡುಕಿ.

ಹೆಜ್ಜೆ 3: ಕ್ಲೋನ್ ಆರಿಸಿ, ಜೋಪಾನ ಮಾಡಿ

ಜೀನ್ ಪ್ರತಿ ಒಂದರಿಂದ ನಾಲ್ಕಾದರೆ ಇಳುವರಿ ಏರುತ್ತದೆ. ಹಾಗಂತ ಏರಿಸುತ್ತಲೇ ಹೋದರೆ ಮಡಚುವ ಜಾಗದಲ್ಲಿ ನೂಕುನುಗ್ಗಲು ಶುರುವಾಗುತ್ತದೆ. ಮಂಗಳೂರಿನ ಕೆ.ಎಸ್. ರಾವ್ ರಸ್ತೆಯ ಸಂಜೆ ಟ್ರಾಫಿಕ್ ನೆನಪಿಸಿಕೊಳ್ಳಿ. ಗಾಡಿ ಹೆಚ್ಚಾದಷ್ಟೂ ದಾಟುವವರು ಕಡಿಮೆ. ಝಿಯೋಸಿನ್ ಎಂಬ ಆಂಟಿಬಯಾಟಿಕ್‌ನ ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ (ಜೀನ್ ಪ್ರತಿ ಹೆಚ್ಚಿರುವ ಯೀಸ್ಟ್ ಅದನ್ನು ಹೆಚ್ಚು ತಡೆದುಕೊಳ್ಳುತ್ತದೆ), ಪ್ರತಿ ಮೆಟ್ಟಿಲಿನಿಂದ ಹತ್ತು ಹನ್ನೆರಡು ಕ್ಲೋನ್, ಅಂದರೆ ಒಂದೇ ಕೋಶದಿಂದ ಬೆಳೆದ ಗುಂಪು, ಎತ್ತಿಕೊಳ್ಳಿ. ಒಟ್ಟು ಐವತ್ತು ಆದರೆ ಸಾಕು. ಬೆಳೆಸಿ, ಎಚ್‌ಪಿಎಲ್‌ಸಿ ಎಂಬ ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ ಅಳೆಯಿರಿ. ಪ್ರಿಕರ್ಸರ್ ಬಹಳ ಸಣ್ಣದು. ಪ್ರೋಟೀನ್ ಬೇರ್ಪಡಿಸುವ ಮಾಮೂಲಿ ಜೆಲ್‌ನಲ್ಲಿ ಬಣ್ಣದ ಜೊತೆ ಓಡಿಹೋಗುತ್ತದೆ. ಜೆಲ್ಲೇ ಬೇಕೆಂದರೆ ಟ್ರೈಸಿನ್ ಜೆಲ್ ಮಾಡಿ.

ಗೆದ್ದ ಕ್ಲೋನನ್ನು ಗ್ಲಿಸರಾಲ್‌ನಲ್ಲಿ ಮೈನಸ್ 80ರಲ್ಲಿಡಿ. ಎರಡು ಬೇರೆ ಫ್ರೀಜರ್, ಎರಡು ಬೇರೆ ಕಟ್ಟಡ. ಮಳೆಗಾಲದಲ್ಲಿ ನಮ್ಮ ಕರೆಂಟಿನ ಬುದ್ಧಿ ನಿಮಗೆ ಗೊತ್ತೇ ಇದೆ.

ಹೆಜ್ಜೆ 4: ಫರ್ಮೆಂಟರ್

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ತಪ್ಪಾಗುವುದು ಜಾಸ್ತಿ ಇಲ್ಲೇ.

ಮೊದಲು ನೀರು. ಮುರಕಲ್ಲಿನ ಬಾವಿ ನೀರು ಮೆದು, ಕುಡಿಯಲು ರುಚಿ. ಆದರೆ ಅದರ ಕಬ್ಬಿಣ ಬಾವಿಯಿಂದ ಬಾವಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ನದಿ ಬಾಯಿಯ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪೂ ನುಗ್ಗುತ್ತದೆ. ಆರ್‌ಒ ನೀರು ಬಳಸಿ, ಇಲ್ಲದಿದ್ದರೆ ಎರಡು ಬ್ಯಾಚ್‌ಗಳ ಹೋಲಿಕೆಯೇ ಸುಳ್ಳಾಗುತ್ತದೆ.

ಆಮೇಲೆ ಆಹಾರ. ಪಿಚಿಯಾಗೆ ಎಲ್ಲರೂ ಬಳಸುವ ಉಪ್ಪಿನ ಪಾಕದಲ್ಲಿ ಲೀಟರಿಗೆ 26.7 ಮಿಲಿ ಫಾಸ್ಫಾರಿಕ್ ಆಮ್ಲ, 18.2 ಗ್ರಾಂ ಪೊಟ್ಯಾಸಿಯಂ ಸಲ್ಫೇಟ್, 14.9 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 40 ಗ್ರಾಂ ಗ್ಲಿಸರಾಲ್ ಇರುತ್ತದೆ. ಯೀಸ್ಟಿಗೆ ಇಷ್ಟು ಉಪ್ಪು ಬೇಡ. ಗ್ಲಿಸರಾಲ್ ಹಾಗೇ ಇರಲಿ, ಉಪ್ಪನ್ನು ಅರ್ಧ ಮಾಡಿ ನೋಡಿ. ಬೆಳವಣಿಗೆ ಕುಂದದಿದ್ದರೆ ಕಾಲು ಭಾಗಕ್ಕೆ ಇಳಿಸಿ. ಉಪ್ಪಿನ ದುಡ್ಡು ಉಳಿಯುವುದು ಚಿಲ್ಲರೆ ಲಾಭ. ದೊಡ್ಡ ಲಾಭ ಆರನೆಯ ಹೆಜ್ಜೆಯಲ್ಲಿ ಕಾಣುತ್ತದೆ. ಅಮೋನಿಯಾದಿಂದ ಪಿಎಚ್ ಅನ್ನು 5ಕ್ಕೆ ತನ್ನಿ, ಸಾರಜನಕವೂ ಅದರಿಂದಲೇ ಸಿಗುತ್ತದೆ. ಪೂರ್ತಿ ಉಪ್ಪಿನ ಪಾಕದಲ್ಲಿ ಪಿಎಚ್ ಏರಿಸಿದರೆ ಬಿಳಿ ಗಷ್ಟು ಕೂರುತ್ತದೆ. ಉಪ್ಪು ಕಡಿಮೆ ಇದ್ದರೆ ಆ ಕಾಟವೂ ಇಳಿಯುತ್ತದೆ.

ಗ್ಲಿಸರಾಲ್ ಮುಗಿದ ಕ್ಷಣ ಕರಗಿದ ಆಮ್ಲಜನಕದ ಗೆರೆ ಥಟ್ಟನೆ ಮೇಲೇರುತ್ತದೆ. ಆಗ ಇನ್ನೊಂದಿಷ್ಟು ಗ್ಲಿಸರಾಲನ್ನು ನಿಧಾನಕ್ಕೆ ಉಣಿಸಿ ಕೋಶಗಳನ್ನು ದಟ್ಟ ಮಾಡಿ. ಒದ್ದೆ ತೂಕ ಲೀಟರಿಗೆ 200 ಗ್ರಾಂ ಹತ್ತಿರ ಬಂದಾಗ ಮೆಥನಾಲ್ ಶುರು. ನಮ್ಮ ಜೀನಿಗೆ ಜೋಡಿಸಿದ ಎಒಎಕ್ಸ್1 ಪ್ರಮೋಟರ್‌ಗೆ ಮೆಥನಾಲ್ ಎಂದರೆ ಸ್ವಿಚ್ ಒತ್ತಿದ ಹಾಗೆ.

ಮೆಥನಾಲ್ ಅಗ್ಗ, ಆದರೆ ಅದರ ಪರಿವಾರ ದುಬಾರಿ. ಅದು ವಿಷ, ಬೇಗ ಹೊತ್ತಿಕೊಳ್ಳುತ್ತದೆ, ಹಗಲಲ್ಲಿ ಜ್ವಾಲೆ ಕಣ್ಣಿಗೇ ಕಾಣಿಸುವುದಿಲ್ಲ. ಯೀಸ್ಟ್ ಅದನ್ನು ಉರಿಸಲು ಆಮ್ಲಜನಕವನ್ನು ಗಟಗಟ ಕುಡಿಯುತ್ತದೆ, ಶಾಖ ಕಕ್ಕುತ್ತದೆ. ಲೀಟರಿಗೆ ಗಂಟೆಗೆ 200 ಮಿಲಿಮೋಲ್ ಆಮ್ಲಜನಕ ಬಳಸುವ ಬ್ರಾತ್ ಲೀಟರಿಗೆ ಸುಮಾರು 25 ವ್ಯಾಟ್ ಶಾಖ ಬಿಡುತ್ತದೆ. 5 ಲೀಟರ್ ಎಂದರೆ ಎರಡು ಹಳೇ 60 ವ್ಯಾಟ್ ಬಲ್ಬು. ಪರವಾಗಿಲ್ಲ. ಸಾವಿರ ಲೀಟರ್ ಎಂದರೆ 25 ಕಿಲೋವ್ಯಾಟ್. ಚಳಿ ದೇಶದಲ್ಲಿ ನಲ್ಲಿ ನೀರು ಹರಿಸಿದರೆ ತಣಿಯುತ್ತದೆ. ನಮ್ಮೂರಲ್ಲಿ ಏಪ್ರಿಲ್‌ನಲ್ಲಿ ತಾರಸಿಯ ಟ್ಯಾಂಕಿನ ನೀರೇ 30 ಡಿಗ್ರಿ ದಾಟಿರುತ್ತದೆ. ಅದರಿಂದ 28 ಡಿಗ್ರಿಯ ಫರ್ಮೆಂಟರನ್ನು ತಣಿಸುವುದು ಹೇಗೆ ಮಾರಾಯ್ರೇ? ಚಿಲ್ಲರ್ ಬೇಕೇ ಬೇಕು. ಕರಾವಳಿಯಲ್ಲಿ ಈ ಕೆಲಸ ಮಾಡುವವರ ಕರೆಂಟ್ ಬಿಲ್ಲಿನಲ್ಲಿ ತಣಿಸುವುದಕ್ಕೇ ದೊಡ್ಡ ಪಾಲು ಹೋಗುತ್ತದೆ. ಬೇರೆ ಊರಿನ ಪಾಠವನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ ಎನ್ನುವುದು ಇದಕ್ಕೇ.

ಉಪಾಯ ಎರಡಿವೆ. ಒಂದು, ಮೆಥನಾಲ್ ಜೊತೆ ಸಾರ್ಬಿಟಾಲ್ ಎಂಬ ಸಕ್ಕರೆಯಂಥ ಪದಾರ್ಥ ಬೆರೆಸಿ ಉಣಿಸುವುದು. ಸಾರ್ಬಿಟಾಲ್ ಸ್ವಿಚ್ಚನ್ನು ಆರಿಸುವುದಿಲ್ಲ, ಹೊಟ್ಟೆ ಮಾತ್ರ ತುಂಬಿಸುತ್ತದೆ. ಆಮ್ಲಜನಕ, ಶಾಖ ಎರಡೂ ಇಳಿಯುತ್ತವೆ. ಇನ್ನೊಂದು, ಮೆಥನಾಲ್ ಇಲ್ಲದೆಯೂ ಚಾಲೂ ಇರುವ ಜಿಎಪಿ ಪ್ರಮೋಟರ್ ಬಳಸಿ ಮೆಥನಾಲನ್ನೇ ಬಿಡುವುದು. ಇಳುವರಿ ಸ್ವಲ್ಪ ಕಡಿಮೆಯಾದರೂ ಬೆಂಕಿಯ ಭಯ, ಅದಕ್ಕೆ ಬೇಕಾದ ವಿಶೇಷ ವೈರಿಂಗ್, ಎಲ್ಲ ಹೋಗುತ್ತದೆ. ಸಣ್ಣ ಲ್ಯಾಬಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ. ದೊಡ್ಡದಾಗಿ ಯೋಚಿಸುವವರು ಎರಡನೆಯದನ್ನೂ ಲೆಕ್ಕ ಹಾಕಿ ನೋಡಲಿ.

ಮೆಥನಾಲ್ ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯಲು ಪಂಪನ್ನು ಒಂದು ಕ್ಷಣ ನಿಲ್ಲಿಸಿ. ಆಮ್ಲಜನಕದ ಗೆರೆ ಒಂದು ನಿಮಿಷದೊಳಗೆ ಏರಿದರೆ ಸರಿ, ಕೊಟ್ಟದ್ದೆಲ್ಲ ತಿನ್ನುತ್ತಿದೆ. ತಡವಾದರೆ ಒಳಗೆ ಮೆಥನಾಲ್ ಶೇಖರವಾಗುತ್ತಿದೆ, ಕಡಿಮೆ ಮಾಡಿ.

ಇದನ್ನು ಕಲಿತದ್ದು ನಷ್ಟದಿಂದ. ಒಂದು ಜೂನ್ ರಾತ್ರಿ, ಮೊದಲ ಮಳೆಗೆ ಕರೆಂಟ್ ಹೋಯಿತು. ಮೆಥನಾಲ್ ಪಂಪಿಗೆ ಯುಪಿಎಸ್ ಇತ್ತು. ಕಲಕುವ ಮೋಟಾರಿಗೆ, ಗಾಳಿಯ ಕಂಪ್ರೆಸರ್‌ಗೆ ಇರಲಿಲ್ಲ. ಪಂಪು ನಿಷ್ಠೆಯಿಂದ ಎರಡು ಗಂಟೆ ಮೆಥನಾಲ್ ಸುರಿಯಿತು, ಕೋಶಗಳಿಗೆ ಉಸಿರಾಡಲು ಗಾಳಿ ಇಲ್ಲ. ಬೆಳಿಗ್ಗೆ ಬಂದು ನೋಡಿದರೆ ನಾಲ್ಕು ದಿನದ ಬ್ಯಾಚು ಸತ್ತಿತ್ತು. ಅಂದಿನಿಂದ ನಮ್ಮಲ್ಲಿ ಒಂದೇ ನಿಯಮ: ಗಾಳಿ ನಿಂತರೆ ಪಂಪೂ ನಿಲ್ಲಬೇಕು. ಎರಡಕ್ಕೂ ಒಂದೇ ರಿಲೇ. ಕೆಲವು ನೂರು ರೂಪಾಯಿಯ ಸಾಮಾನು.

ಉಷ್ಣತೆಯ ಬಗ್ಗೆ ಸನ್ನ ಎಂಬ ಇಡ್ಲಿಯಂಥ ತಿಂಡಿ ಮಾಡುವ ಮನೆಯವರನ್ನು ಕೇಳಿ. ಶೇಂದಿ ಹಾಕಿದ ಹಿಟ್ಟು ಬೇಸಿಗೆಯಲ್ಲಿ ಬೇಗ ಉಬ್ಬುತ್ತದೆ, ಅಷ್ಟೇ ಬೇಗ ಹುಳಿಯಾಗಿ ಕೆಡುತ್ತದೆ. ಇಲ್ಲೂ ಹಾಗೆಯೇ. 30ರಲ್ಲಿ ಯೀಸ್ಟ್ ಚುರುಕು, ಆದರೆ ಸಾಯುವ ಕೋಶಗಳು ಬಿಡುವ ಪ್ರೋಟಿಯೇಸ್‌ಗಳೂ ಚುರುಕು. ಅವು ನಿಮ್ಮ ಪ್ರಿಕರ್ಸರನ್ನು ಚೂರು ಮಾಡುತ್ತವೆ. 22ಕ್ಕೆ ಇಳಿಸಿದರೆ ಒಳ್ಳೆಯದು, ಆದರೆ ಚಿಲ್ಲರ್ ಬಿಲ್ಲು ಏರುತ್ತದೆ. ನಾನು 25ರಲ್ಲಿ ನಿಲ್ಲಿಸುತ್ತೇನೆ.

ಯಾವಾಗ ನಿಲ್ಲಿಸಬೇಕು? ಮೆಥನಾಲ್ ಶುರುವಾಗಿ 72 ಗಂಟೆಯ ಆಸುಪಾಸಿನಿಂದ ಆರು ಗಂಟೆಗೊಮ್ಮೆ ಅಳೆಯಿರಿ. ಇಳುವರಿ ಇನ್ನೂ ತುಸು ಏರುತ್ತಿದ್ದರೂ ಸುಮ್ನೆ ಎಳೆಯಬೇಡಿ. ಕೊನೆಯ ಹನ್ನೆರಡು ಗಂಟೆಯಲ್ಲಿ ಸಿಗುವ ಸ್ವಲ್ಪ ಇನ್ಸುಲಿನ್ ಜೊತೆ ಒಡೆದ ಕೋಶಗಳ ಕಸವೂ ಬರುತ್ತದೆ. ಆ ಕಸ ತೆಗೆಯಲು ಪ್ರೋಟೀನ್ ಬೇರ್ಪಡಿಸುವ ಕಾಲಂನಲ್ಲಿ ಕಳೆದುಕೊಳ್ಳುವುದು ಅದಕ್ಕಿಂತ ಜಾಸ್ತಿ.

ಹೆಜ್ಜೆ 5: ತಿಳಿ ತೆಗೆಯಿರಿ

ಸೆಂಟ್ರಿಫ್ಯೂಜ್ ಮಾಡಿ. ಕೆಳಗೆ ಕೂತ ಕೋಶದ ಮುದ್ದೆಯನ್ನು ಹಾಗೇ ಎಸೆಯಬೇಡಿ, ಅದರ ಸಂದುಗಳಲ್ಲಿ ತಿಳಿ ಸಿಕ್ಕಿಕೊಂಡಿರುತ್ತದೆ. ತೆಂಗಿನಕಾಯಿಯ ಎರಡನೇ ಹಾಲು ತೆಗೆಯುವ ಹಾಗೆ ಒಂದು ಸಲ ಸ್ವಲ್ಪ ನೀರು ಹಾಕಿ ಕಲಸಿ ಮತ್ತೆ ತಿರುಗಿಸಿ. ಮೂರನೇ ಹಾಲು ಬೇಡ, ನೀರೇ ಜಾಸ್ತಿ.

ಹೆಜ್ಜೆ 6: ಮೊದಲ ಕಾಲಂ

ತಿಳಿಯನ್ನು ಪಿಎಚ್ 3ರಿಂದ 4ರ ನಡುವೆ ತನ್ನಿ. ಆಗ ಪ್ರಿಕರ್ಸರ್‌ಗೆ ಧನ ಚಾರ್ಜ್ ಬರುತ್ತದೆ, ಕಾಲಂನಲ್ಲಿ ತುಂಬಿದ ಕ್ಯಾಟಯಾನ್ ಎಕ್ಸ್‌ಚೇಂಜ್ ರೆಸಿನ್‌ಗೆ (ಧನ ಚಾರ್ಜ್ ಇರುವುದನ್ನು ಹಿಡಿಯುವ ಸಣ್ಣ ಕಾಳುಗಳು) ಅಂಟುತ್ತದೆ. ಆದರೆ ಉಪ್ಪು ಜಾಸ್ತಿ ಇದ್ದರೆ ಅಂಟುವುದಿಲ್ಲ, ಉಪ್ಪಿನ ಅಯಾನುಗಳೇ ಕುರ್ಚಿ ಹಿಡಿದು ಕೂತಿರುತ್ತವೆ. ಪೂರ್ತಿ ಉಪ್ಪಿನ ಪಾಕದಲ್ಲಿ ಬೆಳೆಸಿದವರು ತಿಳಿಗೆ ನಾಲ್ಕೈದು ಪಟ್ಟು ನೀರು ಸೇರಿಸಬೇಕಾಗುತ್ತದೆ. 3 ಲೀಟರ್ ಇದ್ದದ್ದು 15 ಲೀಟರ್. ದೊಡ್ಡ ತೊಟ್ಟಿ, ಹೆಚ್ಚು ಸಮಯ, ಹೆಚ್ಚು ತ್ಯಾಜ್ಯ ನೀರು. ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನ ನೀರಿನ ಮಟ್ಟ ಇಳಿಯುವ ಮೇ ತಿಂಗಳಲ್ಲಿ ಇದು ಬರೀ ದುಡ್ಡಿನ ಪ್ರಶ್ನೆಯೂ ಅಲ್ಲ. ನಾಲ್ಕನೆಯ ಹೆಜ್ಜೆಯಲ್ಲಿ ಉಪ್ಪು ಕಡಿತ ಮಾಡಿದವರಿಗೆ ಲಾಭ ಸಿಗುವುದು ಇಲ್ಲಿ.

ರೆಸಿನ್ ದುಬಾರಿ. ಪ್ರತಿ ಸಲವೂ ಕಾಸ್ಟಿಕ್ ಸೋಡಾದಲ್ಲಿ ತೊಳೆದು ಮತ್ತೆ ಬಳಸಿ. ಎಷ್ಟು ಸಲ ಬಳಸಿದಿರಿ, ಪ್ರತಿ ಸಲ ಎಷ್ಟು ಹಿಡಿಯಿತು ಎಂದು ಪುಸ್ತಕದಲ್ಲಿ ಬರೆದಿಡಿ. ಹತ್ತು ಸಲ ಬಳಸಿದ ರೆಸಿನ್‌ಗೂ ನೂರು ಸಲ ಬಳಸಿದ ರೆಸಿನ್‌ಗೂ ಇನ್ಸುಲಿನ್ ಗ್ರಾಂಗೆ ಬೀಳುವ ರೆಸಿನ್ ಖರ್ಚಿನಲ್ಲಿ ಹತ್ತು ಪಟ್ಟು ವ್ಯತ್ಯಾಸ.

ಹೆಜ್ಜೆ 7: ಕತ್ತರಿಸಿ, ಒಂದು ಮಣಿ ಪೋಣಿಸಿ

ಪ್ರಿಕರ್ಸರ್‌ನಲ್ಲಿ ಬಿ ಸರಪಳಿಯ ಮೂವತ್ತನೆಯ ಮಣಿ, ಅಂದರೆ ಥ್ರಿಯೋನಿನ್ ಎಂಬ ಅಮೈನೊ ಆಮ್ಲ, ಇಲ್ಲ. ಟ್ರಿಪ್ಸಿನ್ ಸೇತುವೆಯನ್ನು ಕತ್ತರಿಸುವಾಗಲೇ ಅದನ್ನು ಜೋಡಿಸಬಹುದು. ನೀರು ಕಡಿಮೆ, ಸಾವಯವ ದ್ರಾವಕ ಜಾಸ್ತಿ, ಪಿಎಚ್ 6ರ ಹತ್ತಿರ, ಜೊತೆಗೆ ಧಾರಾಳ ಥ್ರಿಯೋನಿನ್ ಎಸ್ಟರ್, ಅಂದರೆ ಒಂದು ತುದಿ ಮುಚ್ಚಿದ ಥ್ರಿಯೋನಿನ್. ಆಗ ಕತ್ತರಿಸಿದ ತುದಿಗೆ ನೀರಿನ ಬದಲು ಥ್ರಿಯೋನಿನ್ ಬಂದು ಕೂರುತ್ತದೆ. ಆಮೇಲೆ ಎಸ್ಟರಿನ ಮುಚ್ಚಳ ತೆಗೆದರೆ ಮಾನವ ಇನ್ಸುಲಿನ್. ಹಂದಿಯ ಇನ್ಸುಲಿನ್‌ಗೂ ನಮ್ಮದಕ್ಕೂ ವ್ಯತ್ಯಾಸ ಈ ಒಂದು ಮಣಿಯದ್ದು ಮಾತ್ರ, ಅಲ್ಲಿ ಅಲನಿನ್ ಇದೆ. ಯೀಸ್ಟ್ ಬರುವ ಮೊದಲು ಹಂದಿಯ ಇನ್ಸುಲಿನ್ನನ್ನು ಇದೇ ಉಪಾಯದಿಂದ ಮಾನವ ಇನ್ಸುಲಿನ್ ಮಾಡುತ್ತಿದ್ದರು.

ಟ್ರಿಪ್ಸಿನ್ ಅನ್ನು ಹೊತ್ತು ಮೀರಿ ಬಿಡಬೇಡಿ. ಬಿ ಸರಪಳಿಯ 22ರಲ್ಲಿ ಆರ್ಜಿನಿನ್ ಇದೆ, ಅಲ್ಲೂ ಹಲ್ಲು ಹಾಕುತ್ತದೆ. ಅಲ್ಲಿ ಕತ್ತರಿಸಿದರೆ ಆ ಇನ್ಸುಲಿನ್ ಕೆಲಸಕ್ಕೆ ಬಾರದು. ಹದಿನೈದು ನಿಮಿಷಕ್ಕೊಮ್ಮೆ ಚೂರು ತೆಗೆದು ಎಚ್‌ಪಿಎಲ್‌ಸಿಗೆ ಹಾಕಿ, ಸರಿಯಾದ ಹೊತ್ತಿಗೆ ಆಮ್ಲ ಹಾಕಿ ನಿಲ್ಲಿಸಿ. ದ್ರಾವಕವನ್ನೂ ಉಳಿದ ಎಸ್ಟರನ್ನೂ ಮರಳಿ ಪಡೆಯುವ ದಾರಿ ಹುಡುಕಿ. ಎಸ್ಟರಿನ ಹೆಚ್ಚಿನ ಪಾಲು ಬಳಕೆಯಾಗದೆ ಹೋಗುತ್ತದೆ.

ಕಾಲೇಜು ಪ್ರಾಜೆಕ್ಟಿಗೆ ನನ್ನ ಸಲಹೆ ಬೇರೆ. ಮೂವತ್ತನೆಯ ಮಣಿಯನ್ನು ಬಿಟ್ಟೇಬಿಡಿ. ನೀರಿನಲ್ಲೇ ಕತ್ತರಿಸಿ, ಮಣಿ ಇಲ್ಲದ ಇನ್ಸುಲಿನ್‌ನಲ್ಲಿ ನಿಲ್ಲಿಸಿ. ಅದರ ಕೆಲಸ ಬಹುತೇಕ ಮಾನವ ಇನ್ಸುಲಿನ್‌ನಷ್ಟೇ. ಡೆಟೆಮಿರ್, ಡೆಗ್ಲುಡೆಕ್ ಎಂಬ ಇನ್ಸುಲಿನ್‌ಗಳಲ್ಲೂ ಆ ಮಣಿ ಇಲ್ಲ. ಒಂದು ದುಬಾರಿ ಹಂತವೇ ಮಾಯ.

ಹೆಜ್ಜೆ 8: ಶುದ್ಧ ಮಾಡಿ, ಹರಳು ಮಾಡಿ

ರಿವರ್ಸ್ ಫೇಸ್ ಎಂಬ ಎರಡನೆಯ ಬಗೆಯ ಕಾಲಂನಲ್ಲಿ ಅಸಿಟೋನೈಟ್ರೈಲ್ ಎಂಬ ದ್ರಾವಕ ಚೆನ್ನಾಗಿ ಬೇರ್ಪಡಿಸುತ್ತದೆ. ಆದರೆ ದುಬಾರಿ, ವಿಷ. ಎಥನಾಲ್ ಅಥವಾ ಐಸೊಪ್ರೊಪನಾಲ್ ಹಾಕಿ ನೋಡಿ. ಒತ್ತಡ ಏರುತ್ತದೆ, ಹರಿವು ನಿಧಾನ ಮಾಡಬೇಕು. ಆದರೂ ಬಟ್ಟಿ ಇಳಿಸಿ ಮರಳಿ ಬಳಸುವುದು ಸುಲಭ.

ಆಮ್ಲದಲ್ಲಿ ಇನ್ಸುಲಿನ್ನನ್ನು ರಾತ್ರಿಯಿಡೀ ಮೇಜಿನ ಮೇಲೆ ಬಿಡಬೇಡಿ. ಎ ಸರಪಳಿಯ 21ರಲ್ಲಿರುವ ಆಸ್ಪರಜಿನ್ ಕೆಡುತ್ತದೆ, ನಮ್ಮ ಸೆಕೆಗೆ ಇನ್ನೂ ಬೇಗ. ಬೆಚ್ಚಗಿರುವಾಗ ಕುಲುಕಬೇಡಿ, ನೂಲು ನೂಲಾಗಿ ಗಂಟು ಕಟ್ಟುತ್ತದೆ. ಒಮ್ಮೆ ಒಬ್ಬ ಹುಡುಗ ಕರಗಲಿ ಎಂದು ಶೇಕರ್‌ನಲ್ಲಿಟ್ಟು ಊಟಕ್ಕೆ ಹೋದ. ಬಂದು ನೋಡಿದರೆ ಮೊಸರು. ಆರು ವಾರದ ದುಡಿಮೆ ಒಂದು ಮೀನೂಟದ ಹೊತ್ತಿನಲ್ಲಿ ಮುಗಿದಿತ್ತು.

ಕೊನೆಗೆ ಸತುವಿನ ಉಪ್ಪು ಸೇರಿಸಿ, ಪಿಎಚ್ ಹೊಂದಿಸಿ, ತಣ್ಣಗೆ ಬಿಡಿ. ಆರು ಇನ್ಸುಲಿನ್ ಅಣುಗಳು ಎರಡು ಸತುವಿನ ಸುತ್ತ ಸೇರಿ ಹರಳಾಗುತ್ತವೆ. ಹರಳಾಗುವಾಗ ಉಳಿದ ಕಸವೂ ಸ್ವಲ್ಪ ಹೊರಗೆ ಉಳಿಯುತ್ತದೆ. ಇಷ್ಟು ಅಗ್ಗದ ಶುದ್ಧೀಕರಣ ಬೇರೆ ಇಲ್ಲ.

ಹೆಜ್ಜೆ 9: ಹಾಳೆ ತುಂಬಿಸಿ, ಯೀಸ್ಟನ್ನು ಕೊಲ್ಲಿ

ಒಂದು ಹಾಳೆಯಲ್ಲಿ ಪ್ರತಿ ಹಂತಕ್ಕೂ ಒಂದು ಸಾಲು ಮಾಡಿ: ಒಳಗೆ ಹೋದ ಗ್ರಾಂ, ಹೊರಬಂದ ಗ್ರಾಂ, ಬಳಸಿದ ಸಾಮಾನು, ಕರೆಂಟ್, ನೀರು, ಗಂಟೆ. ಕೊನೆಯಲ್ಲಿ ಗ್ರಾಂಗೆ ಎಷ್ಟು ಬಿತ್ತು ಎಂದು ಬರೆಯಿರಿ. ದೊಡ್ಡ ಅಂಕಿ ಯಾವ ಸಾಲಿನಲ್ಲಿದೆಯೋ ಮುಂದಿನ ಬ್ಯಾಚಿನಲ್ಲಿ ಅದನ್ನು ಮಾತ್ರ ಮುಟ್ಟಿ. ಒಂದೇ ಸಲ ಮೂರು ಕಡೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಆ ದೇವರಿಗೇ ಗೊತ್ತು.

ಬಳಸಿದ ಯೀಸ್ಟನ್ನು ಚರಂಡಿಗೆ ಬಿಡುವಂತಿಲ್ಲ. 121 ಡಿಗ್ರಿಯಲ್ಲಿ 30 ನಿಮಿಷ ಆಟೊಕ್ಲೇವ್ ಮಾಡಿ, ಒಂದು ಹನಿಯನ್ನು ಅಗರ್ ಪ್ಲೇಟಿನಲ್ಲಿ ಹರಡಿ ಎರಡು ದಿನ ಕಾದು, ಏನೂ ಬೆಳೆಯಲಿಲ್ಲ ಎಂದು ಬರೆದಿಡಿ. ಕಳೆದ ಸಲ ಕಾರ್ಕಳದ ಕೃಷಿಕರ ಮನೆಯ ಹುಡುಗಿಯೊಬ್ಬಳು ಆ ಎರಡು ಕಿಲೋ ಸತ್ತ ಯೀಸ್ಟ್ ನೋಡಿ ಕೇಳಿದಳು: "ಮೇಡಂ, ಇದನ್ನು ತೆಂಗಿನ ಬುಡಕ್ಕೆ ಹಾಕ್ಬಹುದಾ?" ಪ್ರಶ್ನೆ ಚೆನ್ನಾಗಿತ್ತು. ಸಮಿತಿಯ ಒಪ್ಪಿಗೆಯ ಅರ್ಜಿಯಲ್ಲಿ ಅದಕ್ಕೂ ಒಂದು ಸಾಲು ಸೇರಿಸಿದ್ದೇವೆ. ಉತ್ತರ ಬರುವವರೆಗೆ ಅದು ತ್ಯಾಜ್ಯದ ಚೀಲಕ್ಕೇ.